ಡಾ. ಎಂ.ವಿ. ಗೋಪಾಲಸ್ವಾಮಿ: ಜೀವನ ಮತ್ತು ಸಾಧನೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ (1896–1957) ಅವರು ನಾಡಿನ ಜನತೆಗೆ ಪರಿಚಿತರಾಗಿರುವುದು ‘ಆಕಾಶವಾಣಿ’ಯ ಸ್ಥಾಪಕರೆಂದು. ಆದರೆ ರೇಡಿಯೋ ಅವರ ವೃತ್ತಿಯಾಗಿರಲಿಲ್ಲ. ಮನುಷ್ಯನಾಗಲಿ, ಪ್ರಾಣಿಯಾಗಲಿ ಹೊಸದೊಂದನ್ನು ಕಲಿಯುವುದು ಹೇಗೆ, ಆ ಕಲಿಕೆಯನ್ನು ಅಳೆಯಲು ಸಾಧ್ಯವೇ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಬೌದ್ಧಿಕ ವಿಕಲತೆಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವ ನವುಲೆ, ಭದ್ರಾವತಿ ಮೊದಲಾದ ಕಡೆಯ ಪೋಷಕರು, ತಮ್ಮ ಮಗುವಿಗೆ ಬುದ್ಧಿಮತ್ತೆಯ ಪರೀಕ್ಷೆ ಏತಕ್ಕೆ, ಅದು ಎಲ್ಲಿಂದ ಬಂದಿತು ಎಂದು ಕೇಳುವುದುಂಟು. ಆ ಪ್ರಶ್ನೆಗೆ ಸಂಬಂಧಿಸಿದ ಒಂದು ಜೀವನವಾಗಿರುವುದರಿಂದ ಸದರಿ ಮಹನೀಯರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿ, ಪ್ರೊ. ಚಾರ್ಲ್ಸ್ ಸ್ಪಿಯರ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಬೇರೆ ಬೇರೆ ಕೆಲಸಗಳಲ್ಲಿ ಕಂಡುಬರುವ ಜಾಣ್ಮೆಯ ಹಿಂದೆ ಸಾಮಾನ್ಯವಾದ ಒಂದು ಬೌದ್ಧಿಕ ಶಕ್ತಿಯಿದೆ ಎಂದು 1904ರಲ್ಲಿ ಪ್ರತಿಪಾದಿಸಿ ಸ್ಪಿಯರ್‌ಮನ್ ಅವರು ಪ್ರಸಿದ್ಧರಾಗಿದ್ದರು. ಶಿಷ್ಯರು ಆಯ್ದುಕೊಂಡ ಪ್ರಯೋಗ ನೋಡಲು ಸರಳವಾದುದು. ಕಾಗದದ ಮೇಲಿನ ಚಿತ್ರವನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿನ ಪ್ರತಿಬಿಂಬವನ್ನಷ್ಟೇ ನೋಡುತ್ತಾ ಅದರ ಗೆರೆಯ ಮೇಲೆ ಪೆನ್ಸಿಲ್ ಆಡಿಸಬೇಕು. ಮೊದಲ ಸಲ ಕೈ ಸರಿದಿಕ್ಕಿಗೆ ಹೋಗುವುದೇ ಇಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದಂತೆ ತಪ್ಪುಗಳು ಕಡಿಮೆಯಾಗುತ್ತವೆ. ಅಂಗಚಲನೆಯ ಕಲಿಕೆಗೂ ಬುದ್ಧಿಗೂ ಇರುವ ಸಂಬಂಧವನ್ನು ಕುರಿತ ಅವರ ಪ್ರಬಂಧವು 1924ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾದುದು ಅದೇ 1924ರಲ್ಲಿ. ಆಗ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರು ಈ ಮೊದಲು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿಕೊಟ್ಟಿದ್ದವರು. ವಿಭಾಗದ ನೇತೃತ್ವ ವಹಿಸಿದ ಗೋಪಾಲಸ್ವಾಮಿಯವರು ಅಲ್ಲಿ ಪ್ರಾಣಿ ಪ್ರಯೋಗಾಲಯವನ್ನು ಸ್ಥಾಪಿಸಿದರು. ಮನಶ್ಶಾಸ್ತ್ರಕ್ಕಾಗಿ ಭಾರತದಲ್ಲಿ ಏರ್ಪಟ್ಟ ಪ್ರಾಣಿ ಪ್ರಯೋಗಾಲಯಗಳಲ್ಲಿ ಇದನ್ನೇ ಮೊದಲನೆಯದೆಂದು ಈ ವಿಷಯದ ಇತಿಹಾಸ ಬರೆದವರು ಗುರುತಿಸಿದ್ದಾರೆ.

ಮನಸ್ಸಿನ ಅಧ್ಯಯನಕ್ಕೆ ಪ್ರಾಣಿಗಳೇಕೆ ಎಂಬ ಸಂದೇಹ ಸಹಜ. ಅಮೆರಿಕದ ಥಾರ್ನ್‌ಡೈಕ್ ಎಂಬ ವಿಜ್ಞಾನಿಯು 1898ರಲ್ಲಿ ಹಸಿದ ಬೆಕ್ಕನ್ನು ಅಗುಳಿಯುಳ್ಳ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಆಹಾರವನ್ನಿರಿಸಿ ಗಮನಿಸಿದ್ದರು. ಬೆಕ್ಕು ಪರಚುತ್ತದೆ, ಕಚ್ಚುತ್ತದೆ. ಆಕಸ್ಮಿಕವಾಗಿ ಅಗುಳಿ ತೆರೆಯುತ್ತದೆ. ಮುಂದಿನ ಸಲಗಳಲ್ಲಿ ನಿರರ್ಥಕ ಚಲನೆಗಳು ಉದುರಿಹೋಗಿ, ಹೊರಬರುವ ಸಮಯವು ಕಡಿಮೆಯಾಗುತ್ತಾ ಬರುತ್ತದೆ. ಕನ್ನಡಿ ನೋಡಿ ಗೆರೆ ಎಳೆಯುವ ವಿದ್ಯಾರ್ಥಿಯ ಕೈಯಲ್ಲಿ ಕಂಡುದೂ ಇಂತಹುದೇ ಇಳಿಕೆ. ಇನ್ನು ಮಿದುಳಿನ ಪಾತ್ರವನ್ನು ಕುರಿತು ಕಾರ್ಲ್ ಲ್ಯಾಷ್ಲಿ ಅವರು 1929ರಲ್ಲಿ ಪ್ರಕಟಿಸಿದ ಗ್ರಂಥವು ಇಲ್ಲಿ ಉಲ್ಲೇಖನೀಯ. ಇಲಿಗಳ ಮಿದುಳಿನ ಹೊರಪದರವನ್ನು ಹೆಚ್ಚು ಹೆಚ್ಚು ತೆಗೆದಂತೆ ಕಠಿಣವಾದ ಜಟಿಲ ಹಾದಿಗಳನ್ನು ಕಲಿಯುವ ಶಕ್ತಿ ಕುಂದುತ್ತದೆ. ಎಲ್ಲಿ ತೆಗೆಯಲಾಯಿತು ಎಂಬುದಕ್ಕಿಂತ ಎಷ್ಟು ತೆಗೆಯಲಾಯಿತು ಎಂಬುದೇ ಮುಖ್ಯ ಎಂದು ಅವರು ಕಂಡರು. ಸ್ಪಿಯರ್‌ಮನ್ ಶಿಷ್ಯರೊಬ್ಬರಿಗೆ ಇದು ಎಷ್ಟು ಆಸಕ್ತಿಯ ವಿಷಯವಾಗಿದ್ದಿರಬೇಕು ಎಂಬುದನ್ನು ವಾಚಕರೇ ಊಹಿಸಬಹುದು. ಮನಶ್ಶಾಸ್ತ್ರವನ್ನು ತತ್ತ್ವಶಾಸ್ತ್ರದ ಒಂದು ಅಧ್ಯಾಯವೆಂದು ಕಾಣುತ್ತಿದ್ದ ದಿನಗಳಲ್ಲಿ ಪ್ರಾಣಿಗಳ ಪಾಲನೆಗೆ ವೆಚ್ಚ ಮಾಡುವುದು, ಲೆಕ್ಕಪತ್ರದ ದೃಷ್ಟಿಯಿಂದ, ಯಾವ ಆದಾಯವೂ ಇಲ್ಲದ ಬಾಬ್ತಾಗಿತ್ತು.

ಗೋಪಾಲಸ್ವಾಮಿಯವರು ಪಾಶ್ಚಾತ್ಯ ಬುದ್ಧಿಮತ್ತೆ ಪರೀಕ್ಷೆಗಳನ್ನು ನಮ್ಮ ದೇಶಕ್ಕೆ ಒಗ್ಗಿಸುವ ಕಾರ್ಯವನ್ನೂ ಕೈಗೊಂಡರು. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಅವರು 1905ರಲ್ಲಿ ಇಂತಹ ಪರೀಕ್ಷೆಯನ್ನು ರಚಿಸಿದ್ದರು. ಅಲ್ಲಿನ ಮಗು ದಿನವೂ ಕಾಣುವ ವಸ್ತುವನ್ನು ಮಲೆನಾಡಿನ ಮಗು ಕಂಡೇ ಇರಲಾರದು. ಕಾಣದ ವಸ್ತುವನ್ನು ಹೆಸರಿಸಲಾಗದ ಮಗುವನ್ನು ಮಂದಬುದ್ಧಿಯೆಂದು ಬರೆದರೆ ಆಗುವ ಅನ್ಯಾಯ ಸಣ್ಣದಲ್ಲ. ಆ ಬರಹ ಮಗುವಿನ ಬೆನ್ನು ಬಿಡುವುದಿಲ್ಲ. ಆದುದರಿಂದ ಪರೀಕ್ಷೆಯನ್ನು ಭಾಷಾಂತರಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ ಹೊಂದಿಸಬೇಕಾಗುತ್ತದೆ. ವಿ.ವಿ. ಕಾಮತ್ ಅವರು ಕನ್ನಡ ಹಾಗೂ ಮರಾಠಿ ಮಕ್ಕಳಿಗಾಗಿ 1934ರಲ್ಲಿ ಸಿದ್ಧಪಡಿಸಿದ ಬಿನೆ-ಕಾಮತ್ ಪರೀಕ್ಷೆಯೂ ಇದೇ ಉದ್ದೇಶದ್ದು. ಅದು ಇಂದಿಗೂ ಬಳಕೆಯಲ್ಲಿದೆ. ಪ್ರಮಾಣಪತ್ರ ನೀಡುವಾಗ ಪರೀಕ್ಷೆಯ ಅಂಕವನ್ನಲ್ಲದೆ ಮಗುವಿನ ದೈನಂದಿನ ನಡವಳಿಕೆಯನ್ನೂ ಪರಿಗಣಿಸಲಾಗುತ್ತದೆ ಎಂಬುದನ್ನು ಅರ್ಜಿದಾರರು ಗಮನಿಸುವುದು.

ಇನ್ನು ರೇಡಿಯೋ ವಿಷಯ. 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ನಿವಾಸ ‘ವಿಠ್ಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಪ್ರಸಾರ ಯಂತ್ರದ ಸಾಮರ್ಥ್ಯ ನೂರು ವ್ಯಾಟಿಗೂ ಕಡಿಮೆ, ಅಂದರೆ ಹಳೆಯ ಕಾಲದ ಒಂದು ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಅದೇ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ, ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರು ಆರಂಭದ ದಿನ ಕವನ ವಾಚಿಸಿದರು. ಮೊದಲ ವರ್ಷಗಳ ಖರ್ಚನ್ನು ಬಹುಪಾಲು ಪ್ರಾಧ್ಯಾಪಕರೇ ಭರಿಸಿದರು. ಕಲಿಕೆಯನ್ನು ಅಭ್ಯಸಿಸುತ್ತಿದ್ದವರು ಶಾಲೆಯ ಬಾಗಿಲು ಕಾಣದವರಿಗೂ ತಲುಪುವ ಸಾಧನವನ್ನು ಹುಡುಕಿದುದರಲ್ಲಿ ಆಶ್ಚರ್ಯವಿಲ್ಲ. ಕೇಂದ್ರವು 1942ರಲ್ಲಿ ಮೈಸೂರು ಸರ್ಕಾರಕ್ಕೂ, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೂ ಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿನಲ್ಲಿ ಕೇಂದ್ರವು ಪುನರಾರಂಭವಾದುದು 1974ರಲ್ಲಿ.

ಅವರು ನಿಧನರಾದ ಎಂಟು ವರ್ಷಗಳ ತರುವಾಯ, 1965ರಲ್ಲಿ, ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು.