ಕರ್ನಾಟಕ ಕುಲಪುರೋಹಿತ ಆಲೂರು ವೆಂಕಟರಾಯರು

ಆಲೂರು ವೆಂಕಟರಾಯರ ಹೆಸರನ್ನು ಅರಿಯದವರು ಹುಬ್ಬಳ್ಳಿ-ಧಾರವಾಡಗಳಲ್ಲಿ ವಿರಳ. ಆದರೆ ಆ ಹೆಸರಿನ ಹಿಂದಿರುವ ಸೇವೆಯ ಸ್ವರೂಪವನ್ನು ಮನೆಯ ಕಿರಿಯರಿಗೆ ತಿಳಿಸಿಕೊಡುವುದು ಹಿರಿಯರ ಕರ್ತವ್ಯವಾಗಿದೆ.

ರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಮಾಧ್ವ ಮನೆತನದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮುಂದೆ ಕಾನೂನು ಪದವಿಯನ್ನೂ ಪಡೆದು ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದರು. ಆಗ ಕನ್ನಡ ನಾಡು ಮುಂಬಯಿ ಮತ್ತು ಮದ್ರಾಸು ಪ್ರಾಂತಗಳು, ನಿಜಾಮರ ಸೀಮೆ, ಮೈಸೂರು, ಕೊಡಗು ಹಾಗೂ ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಈ ಭಾಗದ ಸುಶಿಕ್ಷಿತರಲ್ಲಿ ಮರಾಠಿಯಲ್ಲಿ ಬರೆಯುವುದೇ ಗೌರವವೆಂಬ ಭಾವನೆಯೂ ಬೇರೂರಿತ್ತು. ಮನೆಯೊಳಗಿನ ಮಾತು ಕನ್ನಡವಾದರೂ ಹೊರಗೆ ಅದಕ್ಕೆ ಮನ್ನಣೆ ಇರಲಿಲ್ಲ.

ಈ ಕೊರತೆಯನ್ನು ನೀಗಲೆಂದೇ ರಾ. ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದರು. ವೆಂಕಟರಾಯರು ಆ ಸಂಘದ ಕಾರ್ಯಕ್ಕೆ ಹೆಗಲುಕೊಟ್ಟು, ಅದರ ‘ವಾಗ್ಭೂಷಣ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. 1905ರಲ್ಲಿ ಹಂಪೆಯ ದರ್ಶನವಾದದ್ದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಶ್ರೀ ವ್ಯಾಸರಾಜರೂ ಪುರಂದರದಾಸರೂ ಬಾಳಿದ ಆ ನೆಲ ಹಾಳುಬಿದ್ದಿರುವುದನ್ನು ಕಂಡು ಮರುಗಿದ ಅವರು, ಮರುಗಿ ಸುಮ್ಮನಾಗಲಿಲ್ಲ. ಕ್ರಮೇಣ ವಕೀಲಿಯನ್ನು ತೊರೆದು ನಾಡಿನ ಕೆಲಸಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ಸಂಪಾದನೆಯ ಮಾರ್ಗವನ್ನು ಗೃಹಸ್ಥನೊಬ್ಬನು ತಾನಾಗಿ ಬಿಟ್ಟುಕೊಡುವುದು ಸಾಮಾನ್ಯವಾದ ಮಾತಲ್ಲ.

ಊರೂರು ತಿರುಗಿ ಭಾಷಣ ಮಾಡುವುದು, ಲೇಖಕರನ್ನು ಒಂದೆಡೆ ಸೇರಿಸುವುದು, ಪತ್ರಿಕೆ ನಡೆಸುವುದು - ಇವೇ ಅವರ ನಿತ್ಯಕರ್ಮಗಳಾದವು. 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಚರಿತ್ರೆಯನ್ನು ಓದಿದ ಜನರು, ಗಡಿಗಳು ಬೇರೆಯಾದರೂ ತಾವು ಒಂದೇ ನಾಡಿನವರೆಂದು ಅರಿತರು. 1922ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆ ಆರಂಭವಾಯಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಸ್ಥಾನ ಅವರಿಗೆ ಸಂದಿತು. 1936ರ ವಿಜಯನಗರ ಷಟ್‌ಶತಮಾನೋತ್ಸವಕ್ಕಾಗಿಯೂ ಅವರು ಬಹುವಾಗಿ ಶ್ರಮಿಸಿದರು.

ನಾಡಿನ ಸೇವೆಯೂ ದೇವರ ಸೇವೆಯೂ ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಲೋಕಮಾನ್ಯ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದ ಅವರು, ಶ್ರೀಮಧ್ವಾಚಾರ್ಯರ ತತ್ತ್ವವನ್ನೂ ಕನ್ನಡದಲ್ಲಿ ಬರೆದು ತಿಳಿಸಿದರು.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ರಾಯರಿಗೆ ಎಪ್ಪತ್ತಾರು ವರ್ಷ. ಆದರೂ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. 1964ರ ಫೆಬ್ರವರಿ 25ರಂದು ಅವರು ಇಹಲೋಕವನ್ನು ತ್ಯಜಿಸಿದರು. ಕರ್ನಾಟಕವೆಂಬ ನಾಮಕರಣವಾದದ್ದು 1973ರಲ್ಲಿ. ಯಾವ ಹೆಸರಿಗಾಗಿ ಆಯುಷ್ಯವನ್ನು ಸವೆಸಿದರೋ ಆ ಹೆಸರನ್ನು ತಮ್ಮ ರಾಜ್ಯದ ಮೇಲೆ ಕಾಣುವ ಯೋಗ ಅವರಿಗೆ ಒದಗಲಿಲ್ಲ. ಫಲವನ್ನು ಕಾಣುವವರೆಗೆ ಕೆಲಸವನ್ನು ತಡೆಹಿಡಿದವರೂ ಅವರಲ್ಲ.

ಆರಾಧನೆಯ ದಿನ ಎಲೆ ಹಾಕುವವರು, ನೀರು ಬಡಿಸುವವರು, ಭಜನೆಗೆ ತಾಳ ಹಿಡಿಯುವವರು, ಮಕ್ಕಳಿಗೆ ದೇವರನಾಮ ಕಲಿಸುವವರು - ಇವರೂ ಸಂಬಳವಿಲ್ಲದ ಸೇವಕರೇ. ಇಂತಹವರ ಕೈಗಳಿಂದಲೇ ಊರಿನ ಸಂಪ್ರದಾಯ ಉಳಿದು ಬಂದಿದೆ. ಹೆಸರನ್ನು ಬಯಸದೆ ನಮ್ಮ ಪಾಲಿನ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಶ್ರೀಹರಿಗೆ ಅರ್ಪಿಸುವುದೇ ರಾಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವಾಗಿದೆ.