ಶ್ರೀ ವೀರಸೇನಾಚಾರ್ಯರು ಮತ್ತು ಅರ್ಧಚ್ಛೇದ ಗಣಿತ

ಪ್ರಾತಃಸ್ಮರಣೀಯರಾದ ಶ್ರೀ ವೀರಸೇನಾಚಾರ್ಯರು ಏಲಾಚಾರ್ಯರಲ್ಲಿ ಸಿದ್ಧಾಂತವನ್ನಭ್ಯಸಿಸಿ, ಷಟ್ಖಂಡಾಗಮಕ್ಕೆ 72,000 ಶ್ಲೋಕಪ್ರಮಾಣದ ಧವಲಾ ಟೀಕೆಯನ್ನು ರಚಿಸಿದರು. ಜೀವರಾಶಿಗಳ ಅಪಾರ ಸಂಖ್ಯೆಗಳನ್ನು ವಿವರಿಸಲು ಅದರಲ್ಲಿ ಅರ್ಧಚ್ಛೇದವನ್ನು ಬಳಸಿದರು. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅದೇ ಅದರ ಅರ್ಧಚ್ಛೇದ. ಎರಡರ ಐದನೆಯ ಘಾತ 32. ಆದ್ದರಿಂದ 32ರ ಅರ್ಧಚ್ಛೇದ 5. ಎಂಟಕ್ಕೆ 3, ನಾಲ್ಕಕ್ಕೆ 2. ಕೂಡಿದರೆ 5, ಎಂಟು ನಾಲ್ಕಲೆ 32. ಹೀಗೆ ಗುಣಾಕಾರವು ಸಂಕಲನವಾಗುತ್ತದೆ. ಶಾಲೆಗಳಲ್ಲಿ ಲಾಗರಿದಮ್ ಎಂದು ಕಲಿಸುವ ತತ್ತ್ವವಿದೇ. ಯೂರೋಪಿನಲ್ಲಿ ನೇಪಿಯರನ ಕೋಷ್ಟಕಗಳು ಪ್ರಕಟವಾದದ್ದು 1614ರಲ್ಲಿ.

ಜಯಧವಲೆಯ 20,000 ಶ್ಲೋಕಪ್ರಮಾಣವನ್ನು ರಚಿಸಿ ಆಚಾರ್ಯರು ಸ್ವರ್ಗಸ್ಥರಾದರು. ಉಳಿದ 40,000ವನ್ನು ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಈ ಜ್ಞಾನನಿಧಿಯನ್ನು ಶತಮಾನಗಳ ಕಾಲ ಉಳಿಸಿದವು ಮೂಡುಬಿದಿರೆಯ ಬಸದಿಯ ತಾಳೆಗರಿಗಳು. ಜಿನಾಲಯ ನಿರ್ಮಾಣದಷ್ಟೇ ಶಾಸ್ತ್ರರಕ್ಷಣೆಯೂ ಶ್ರಾವಕರ ಪುಣ್ಯಕರ್ತವ್ಯವಾಗಿದೆ.