ಫ್ರೋಬೆಲನೂ ಅವನ ಶಿಷ್ಯೆಯರೂ

ಜರ್ಮನಿ ದೇಶದ ತುರಿಂಗಿಯಾ ಎಂಬ ಕಾಡುಸೀಮೆಯಲ್ಲಿ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯುಂಟು. ಅಲ್ಲಿಯ ಸಭಾಪಾಲಕನ ಮನೆಯಲ್ಲಿ 1782ನೆಯ ಏಪ್ರಿಲ್ 21ರಂದು ಫ್ರೀಡ್ರಿಖ್ ಫ್ರೋಬೆಲನು ಹುಟ್ಟಿದನು. ಒಂಬತ್ತು ತಿಂಗಳ ಕೂಸಾಗಿರುವಾಗಲೇ ಅವನ ತಾಯಿ ತೀರಿಕೊಂಡಳು. ತಂದೆಗೆ ಸಭೆಯ ಕೆಲಸದಿಂದ ಬಿಡುವಿರಲಿಲ್ಲ. ಮಲತಾಯಿಗೆ ಸ್ವಂತ ಮಗು ಹುಟ್ಟಿದ ಮೇಲೆ ಈ ಹುಡುಗನು ಮನೆಯಲ್ಲಿ ಅನ್ಯನಂತಾದನು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನು ಕರಕೊಂಡು ಹೋಗಿ ಸಾಕದಿದ್ದರೆ ಅವನ ಗತಿ ಏನಾಗುತ್ತಿತ್ತೋ! ಮುಂದೆ ಅವನು ಚಿಕ್ಕ ಮಕ್ಕಳಿಗಾಗಿ ಮಾಡಿದ ಕೆಲಸದ ಬೇರು ಈ ತಾಯಿಯಿಲ್ಲದ ಬಾಲ್ಯದಲ್ಲಿಯೇ ಇತ್ತೆಂದು ನಮಗೆ ತೋರುತ್ತದೆ.

ಅರಣ್ಯದ ಕೆಲಸವನ್ನೂ ಮತ್ತೆ ಕೆಲವು ಉದ್ಯೋಗಗಳನ್ನೂ ಹಿಡಿದು ಬಿಟ್ಟು, 1805ರಲ್ಲಿ ಅವನು ಫ್ರಾಂಕ್‌ಫುರ್ಟ್ ಪಟ್ಟಣದಲ್ಲಿ ಉಪಾಧ್ಯಾಯನಾದನು. 1808ರಿಂದ 1810ರ ವರೆಗೆ ಸ್ವಿಟ್ಸರ್ಲೆಂಡಿನ ಪೆಸ್ತಲೋಜ್ಜಿಯ ಬಳಿಯಲ್ಲಿದ್ದು ಕಲಿತನು. 1817ರಿಂದ ಕೈಲ್ಹೌ ಎಂಬ ಗ್ರಾಮದಲ್ಲಿ ತನ್ನ ಶಾಲೆಯನ್ನು ನಡಿಸಿದನು. ಕಾಲಕ್ರಮದಲ್ಲಿ, ಶಾಲೆಗೆ ಬರುವುದಕ್ಕೆ ಮುಂಚಿನ ವರುಷಗಳನ್ನು ಅಲಕ್ಷ್ಯಮಾಡಿದರೆ ಶಾಲೆಯ ಶ್ರಮವು ಬಹುಮಟ್ಟಿಗೆ ವ್ಯರ್ಥವೆಂಬ ನಿಶ್ಚಯವು ಅವನಲ್ಲಿ ಬಲವಾಯಿತು. ಆದಕಾರಣ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಉಣ್ಣೆಯ ಚೆಂಡುಗಳನ್ನೂ ಮರದ ಗುಂಡು, ಉರುಳೆ, ಚೌಕದ ತುಂಡುಗಳನ್ನೂ ಮಾಡಿಸಿ, ಆಟದ ಮೂಲಕ ಕಲಿಸಲಾರಂಭಿಸಿದನು. 1840ರಲ್ಲಿ ಈ ಏರ್ಪಾಟಿಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು.

ಆದರೆ ತೋಟಕ್ಕೆ ತೋಟಗಾರರು ಬೇಕಷ್ಟೆ. ಅರಿಯದವರ ಕೈಯಲ್ಲಿ ಚೌಕದ ತುಂಡು ಬರೀ ಮರವೇ. ಹೆಂಗಸರಿಗೆ ಉಪಾಧ್ಯಾಯರ ಕೆಲಸವು ತಕ್ಕದ್ದಲ್ಲವೆಂದು ಬಹು ಮಂದಿ ಎಣಿಸುತ್ತಿದ್ದ ಆ ಕಾಲದಲ್ಲಿ ಫ್ರೋಬೆಲನು ಯುವತಿಯರನ್ನು ಕೂಡಿಸಿ ಈ ವಿದ್ಯೆಯನ್ನು ಕಲಿಸಿದನು. 1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಊರಿಗೂ ಮರುವರುಷ ಅದರ ಹತ್ತಿರದ ಮರಿಯೆಂಥಾಲಿಗೂ ಬಂದು, ಅಲ್ಲಿ ಅವರಿಗಾಗಿಯೇ ಶಿಕ್ಷಣಶಾಲೆಯನ್ನು ನಡಿಸಿದನು. ಕಾಗದ ಮಡಿಸುವುದು, ಪಟ್ಟಿಗಳನ್ನು ಹೆಣೆಯುವುದು, ಹಾಡು, ಸುತ್ತಾಟ, ಗಿಡ ಸಾಕುವುದು, ಎಲ್ಲಕ್ಕಿಂತಲೂ ಮಗುವನ್ನು ತಾಳ್ಮೆಯಿಂದ ನೋಡುವುದು: ಇವೇ ಅವರ ಪಾಠಗಳು. ಕೇಳಿ ಬರಕೊಂಡರೆ ಸಾಲದು. ಹಳ್ಳಿಯ ಮಕ್ಕಳ ಸಂಗಡ ತಾವೇ ಆಡಬೇಕಿತ್ತು. ನರೆತ ತಲೆಯ ಗುರುವು ಕೂಸುಗಳ ಕೈಹಿಡಿದು ಕುಣಿಯುವುದನ್ನು ಕಂಡ ಜನರು ಅವನನ್ನು ಹುಚ್ಚನೆಂದು ನಕ್ಕರು. ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಕುಲೀನ ಸ್ತ್ರೀಯು ಮಾತ್ರ ಹೋಗಿ ನೋಡಿ, ಅವನ ಕೆಲಸಕ್ಕೆ ಆಜೀವ ಸಹಾಯಕಳಾದಳು.

1851ನೆಯ ಆಗಸ್ಟ್ 7ರಂದು ಪ್ರಷ್ಯದ ಸರಕಾರವು ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತ್ವವನ್ನು ಬಿತ್ತುತ್ತವೆಂಬುದೇ ಆರೋಪ! ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನ ಬರಹವನ್ನು ಇವನದೆಂದು ಎಣಿಸಿದ್ದರಿಂದಲೇ ಈ ಪ್ರಮಾದವಾಯಿತೆನ್ನುತ್ತಾರೆ. ದೇವರನ್ನು ಬಿಟ್ಟು ಶಿಕ್ಷಣವಿಲ್ಲವೆಂದು ನಂಬಿದ್ದ ಸಭಾಪಾಲಕನ ಮಗನಿಗೆ ಇದಕ್ಕಿಂತ ಕಠಿಣವಾದ ಪೆಟ್ಟು ಯಾವುದು? ಅರಸನಿಗೆ ಬಿನ್ನವಿಸಿಕೊಂಡರೂ ಫಲವಾಗಲಿಲ್ಲ. ಮರಿಯೆಂಥಾಲು ಬೇರೆ ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಯ ಪಾಠಗಳು ಮುಂದುವರಿದವು. ಆದರೆ ಕಲಿತ ಯುವತಿಯರಿಗೆ ಪ್ರಷ್ಯದ ಬಾಗಲು ಮುಚ್ಚಿತ್ತು. 1852ನೆಯ ಜೂನ್ 21ರಂದು, ನಿಷೇಧವು ಇನ್ನೂ ಇರುವಾಗಲೇ, ಅವನು ಮರಣ ಹೊಂದಿದನು.

ಹಿಂದಿನ ವರುಷವಷ್ಟೇ ಅವನನ್ನು ಮದುವೆಯಾಗಿದ್ದ ಶಿಷ್ಯೆ ಲೂಯಿಸಳು ವಿಧವೆಯಾದರೂ ಕಲಿಸುವುದನ್ನು ಬಿಡಲಿಲ್ಲ. ಅವನ ಪಾಠಗಳನ್ನು ಕೇಳಿದ್ದ ಮಾರ್ಗರೆಟ್ ಶುರ್ಟ್ಸ್ ಎಂಬಾಕೆ 1856ರಲ್ಲಿ ಅಮೇರಿಕದ ವಾಟರ್‌ಟೌನ್ ಎಂಬ ಊರಿನಲ್ಲಿ ಮಕ್ಕಳನ್ನು ಕೂಡಿಸಿದಳು. ಪ್ರಷ್ಯದ ನಿಷೇಧವು 1860ರಲ್ಲಿ ರದ್ದಾಯಿತು.